ಕಾಡು, ಕೆರೆ, ಮಣ್ಣು ಚೆನ್ನಾಗಿದ್ದರೆ ಹಳ್ಳಿಯ ಬಡತನ ಕಡಿಮೆಯಾಗುತ್ತದೆಯೇ?

ಆಗುತ್ತದೆ, ಆದರೆ ತಾನಾಗಿಯೇ ಅಲ್ಲ. ಹಳ್ಳಿಯ ಬಡವರ ಬದುಕಿಗೆ ಆಸರೆಯಾದ ಎಷ್ಟೋ ವಸ್ತುಗಳು ದುಡ್ಡಿನ ಲೆಕ್ಕಕ್ಕೇ ಬರುವುದಿಲ್ಲ: ಸೌದೆ, ಮೇವು, ಮೀನು, ನೀರು, ಕಾಡಿನ ಹಣ್ಣು. ಇವು ಕೈತಪ್ಪಿದರೆ ಕೊಂಡು ತರಬೇಕು, ಇಲ್ಲವೇ ದೂರ ನಡೆಯಬೇಕು. ಆ ನಡಿಗೆ ಹೆಚ್ಚಾಗಿ ಹೆಂಗಸರ ಪಾಲಿಗೆ.

ಆಫ್ರಿಕಾದ ನೈಜರ್ ದೇಶವನ್ನೇ ನೋಡಿ. 1980ರ ದಶಕದಿಂದ ಅಲ್ಲಿನ ರೈತರು ಹೊಸ ಸಸಿ ನೆಡಲು ಹೋಗಲಿಲ್ಲ. ಹೊಲದಲ್ಲಿ ಕಡಿದ ಮರದ ಬುಡದಿಂದ ಚಿಗುರಿದ ಕವಲುಗಳಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ, ಮಿಕ್ಕದ್ದನ್ನು ಸವರಿದರು. ಅಷ್ಟೇ! ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ಮತ್ತೆ ಬೆಳೆದವು. ಗಾಳಿ ಹೊತ್ತು ತರುವ ಮರಳಿನಡಿ ಎಳೆ ಪೈರು ಹೂತುಹೋಗುವುದು ತಗ್ಗಿತು. ಉದುರಿದ ಎಲೆ ಗೊಬ್ಬರವಾಯಿತು. ಮಳೆ ಕೈಕೊಟ್ಟ ವರ್ಷ ಸೌದೆ ಮಾರಿ ಕಾಳು ತರಲು ದಾರಿಯಾಯಿತು.

ಇದು ಸಾಧ್ಯವಾಗಲು ಇನ್ನೊಂದು ಕಾರಣವೂ ಇದೆ, ಅದನ್ನು ಮರೆಯುವವರೇ ಜಾಸ್ತಿ. ಮೊದಲು ಅಲ್ಲಿನ ಕಾನೂನಿನ ಪ್ರಕಾರ ಮರ ಸರ್ಕಾರದ್ದಾಗಿತ್ತು. ಹಾಗಿದ್ದರೆ ರೈತ ಸುಮ್ನೆ ಯಾಕೆ ಕಾಯುತ್ತಾನೆ, ಅಲ್ವಾ? ಮರ ತಮ್ಮದೇ ಎಂಬ ಧೈರ್ಯ ಬಂದ ಮೇಲೆ ಕಾಯತೊಡಗಿದರು. ಅದರ ಬದಲು ಬೇಲಿ ಹಾಕಿ ಜನರನ್ನೇ ಹೊರಗಿಟ್ಟರೆ ಕಾಡು ಉಳಿದರೂ ಬಡತನ ಹೆಚ್ಚಬಹುದು.