ಡ್ರೈವರ್ ತಪ್ಪು ಅಲ್ಲವೇ ಅಲ್ಲ

ಫ್ಲೋರಿಡಾದ ಡಿಸ್ನಿ ವರ್ಲ್ಡ್ ಮೊನೊರೈಲಲ್ಲಿ ಮೊದಲೆಲ್ಲ ಡ್ರೈವರ್ ಪಕ್ಕ ಕೂರಲು ಬಿಡುತ್ತಿದ್ದರು, ಈಗ ಯಾಕಿಲ್ಲ, 2009ರಲ್ಲಿ ಅಲ್ಲಿ ರೈಲಿಗೆ ರೈಲು ಗುದ್ದಿ ಸತ್ತ ಡ್ರೈವರೇ ತಪ್ಪು ಮಾಡಿದ್ದನಾ ಅಂತ ಕೇಳಿದ್ದೀರಿ. ಇಲ್ಲ. ಆ ಹುಡುಗನಿಗೆ ಬರೀ 21 ವರ್ಷ, ಅವನದು ಏನೂ ತಪ್ಪಿರಲಿಲ್ಲ.

ಜುಲೈ 5, ರಾತ್ರಿ ಸುಮಾರು 2 ಗಂಟೆ. ಪಿಂಕ್ ಅನ್ನುವ ರೈಲನ್ನು ಹಿಂದಕ್ಕೆ ನಡೆಸಿ, ಎಪ್ಕಾಟ್ ಅನ್ನುವ ಡಿಸ್ನಿ ಪಾರ್ಕಿಗೆ ಹೋಗುವ ಹಳಿಯಿಂದ ಬೇರೆ ಹಳಿಗೆ ಹಾಕಬೇಕಿತ್ತು, ಆದರೆ ಹಳಿ ಬದಲಿಸುವ ತೊಲೆಯನ್ನು ಯಾರೂ ಸರಿಸಿರಲಿಲ್ಲ. ಸರಿಸಿದ್ದಾರೋ ಇಲ್ಲವೋ ಅಂತ ನೋಡದೇ ಹೊರಡಲು ಹೇಳಿದರು. ಪಿಂಕ್ ಡ್ರೈವರ್ ಕೂತಿದ್ದು ಮುಂದಿನ ಕ್ಯಾಬಿನ್‌ನಲ್ಲಿ, ರೈಲು ಹೋಗುತ್ತಿದ್ದದ್ದು ಅವನ ಬೆನ್ನ ಹಿಂದಕ್ಕೆ. ಅದು ಅದೇ ಹಳಿಯಲ್ಲೇ ವಾಪಸ್ ಬಂದು, ಸ್ಟೇಷನ್ನಿನಲ್ಲಿದ್ದ ಪರ್ಪಲ್ ರೈಲಿಗೆ ಗುದ್ದಿತು. ಆ ಪರ್ಪಲ್ ರೈಲಿನ ಗಾಜಿನ ಮೂತಿಯೊಳಗೆ ಈ ಹುಡುಗ ಕೂತಿದ್ದ.

1971ರಿಂದ ಓಡುತ್ತಿದ್ದ ರೈಲು, ಅಲ್ಲಿಯವರೆಗೆ ಅಪಘಾತದಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಅದಕ್ಕೇ ಜನಕ್ಕೆ ಅಷ್ಟು ಆಘಾತ. 'ಡ್ರೈವರ್ ಏನು ಮಾಡುತ್ತಿದ್ದ' ಅನ್ನುವ ಮಾತು ಎಷ್ಟು ಬೇಗ ಬಾಯಿಗೆ ಬರುತ್ತೆ ನೋಡಿ, ಅದು ನನಗೆ ಈಗಲೂ ನೋವು ಕೊಡುತ್ತೆ, ಯಾಕಂದ್ರೆ ಸತ್ತವನು ಬಂದು ಉತ್ತರ ಕೊಡೋಕೆ ಆಗಲ್ಲ ಅಲ್ವಾ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2011ರಲ್ಲಿ ವರದಿ ಕೊಟ್ಟಾಗ ಬೊಟ್ಟು ಮಾಡಿದ್ದು ತೊಲೆ ಸರಿಸದವರ ಕಡೆಗೆ, ನೋಡದೇ ಅನುಮತಿ ಕೊಟ್ಟವರ ಕಡೆಗೆ. ರೈಲು ಹಿಂದಕ್ಕೆ ನಡೆಸಲು ಸರಿಯಾದ ನಿಯಮವನ್ನೇ ಕಂಪನಿ ಮಾಡಿರಲಿಲ್ಲ ಅಂತಲೂ ಬರೆದರು.

ಮುಂದಿನ ಕ್ಯಾಬಿನ್‌ಗೆ ಪ್ರಯಾಣಿಕರನ್ನು ಬಿಡುವುದು ನಿಂತಿದ್ದು ಈ ಅಪಘಾತ ಆದಮೇಲೇ. ಮಕ್ಕಳಿಗೆ ಬೇಜಾರಾಗುತ್ತೆ, ನಿಜ. ಆದರೆ ಆ ರಾತ್ರಿ ಅವನ ಪಕ್ಕದ ಸೀಟಲ್ಲಿ ಒಂದು ಮಗು ಕೂತಿದ್ದರೆ?