ಬಂಕ್ ಇದ್ದ ಜಾಗದಲ್ಲಿ ಮನೆ ಕಟ್ಟಬಹುದಾ?

ಪ್ರಶ್ನೆ: ರಸ್ತೆ ಬದಿಯ ನಮ್ಮ 18 ಸೆಂಟ್ಸ್ ಜಾಗವನ್ನು ತಂದೆ 1991ರಲ್ಲಿ ಪೆಟ್ರೋಲ್ ಬಂಕಿಗೆ ಲೀಸಿಗೆ ಕೊಟ್ಟಿದ್ದರು. ಲೀಸ್ ಮುಗಿದು, ಹೋದ ತಿಂಗಳು ನೆಲದೊಳಗಿನ ಎರಡು ಟ್ಯಾಂಕ್ ಎತ್ತಿಕೊಂಡು ಹೋದರು. ಹೊಂಡ ಹಾಗೇ ಇದೆ. ಮಣ್ಣು ತುಂಬಿಸಿ ಮನೆ ಕಟ್ಟೋಣ ಅಂತ ಅಣ್ಣ ಹೇಳುತ್ತಾರೆ. ಇಂಜಿನಿಯರ್ ಮಣ್ಣು ಪರೀಕ್ಷೆ ಮಾಡಿಸಿ ಸರಿ ಇದೆ ಅಂದಿದ್ದಾರೆ. ಆದರೆ ಹೊಂಡದ ಹತ್ತಿರ ಹೋದರೆ ಸೀಮೆಎಣ್ಣೆಯಂಥ ವಾಸನೆ. ಬಾವಿ 50 ಅಡಿ ದೂರದಲ್ಲೇ ಇದೆ. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಹೊಂಡ ಮುಚ್ಚುವುದು ಸದ್ಯಕ್ಕೆ ಬೇಡ ಅಂತ ಅಣ್ಣನಿಗೆ ಇವತ್ತೇ ಹೇಳಿ. ಮುಚ್ಚಿದ ಮೇಲೆ ಪರೀಕ್ಷೆ ಮಾಡಿಸಬೇಕಾದರೆ ಬೋರ್ ಹೊಡೆಸಬೇಕು, ಖರ್ಚು ಜಾಸ್ತಿ.

ಇಂಜಿನಿಯರ್ ನೋಡಿದ್ದು ನೆಲ ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು. ಕೃಷಿ ಇಲಾಖೆಯ ಲ್ಯಾಬಿಗೆ ಕೊಟ್ಟರೆ ಸಾರಜನಕ, ರಂಜಕ, ಪೊಟ್ಯಾಷ್ ನೋಡುತ್ತಾರೆ. ಎರಡಕ್ಕೂ ಮಣ್ಣು ಪರೀಕ್ಷೆ ಅಂತಲೇ ಹೆಸರು, ಎರಡರಲ್ಲೂ ಪೆಟ್ರೋಲ್ ಕಾಣುವುದಿಲ್ಲ. ನಿಮಗೆ ಬೇಕಾದದ್ದು ಬೇರೆ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲುವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಈ ನಾಲ್ಕನ್ನೂ ಒಟ್ಟಿಗೆ ನೋಡುವ ಪರೀಕ್ಷೆ. ಲ್ಯಾಬಿನವರು ಬಿಟೆಕ್ಸ್ ಅನ್ನುತ್ತಾರೆ. ಇದೊಂದೇ ಮಾಡಿಸಿದರೆ ಡೀಸೆಲ್ ತಪ್ಪಿಸಿಕೊಳ್ಳಬಹುದು, ನೀವು ಹೇಳಿದ ವಾಸನೆ ನೋಡಿದರೆ ನನಗೆ ಅದರದೇ ಅನುಮಾನ. ಹಾಗಾಗಿ ಟಿಪಿಎಚ್, ಅಂದರೆ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಡೀಸೆಲ್ ಅಂಶವೂ ಸೇರುವಂತೆ ಕೇಳಿ. ನಮ್ಮಲ್ಲಿ ಸೀಸ ಸೇರಿಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ನಿಮ್ಮದು 1991ರ ಬಂಕ್ ಅಲ್ವಾ, ಸೀಸವನ್ನೂ ನೋಡಿಸಿ.

ಮಣ್ಣು ತೆಗೆಯುವುದರಲ್ಲೇ ಹೆಚ್ಚಿನವರು ತಪ್ಪುವುದು. ಮೇಲಿನ ಮಣ್ಣು ಕೆರೆದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಳಿಸಿದರೆ ಬೆಂಜೀನ್ ದಾರಿಯಲ್ಲೇ ಆವಿಯಾಗಿ ಹೋಗುತ್ತದೆ, ವರದಿ ಮಾತ್ರ ಚೆನ್ನಾಗಿ ಬರುತ್ತದೆ. ಟ್ಯಾಂಕ್ ಕೂತಿದ್ದ ಜಾಗದ ಎರಡೂ ತುದಿಯಲ್ಲಿ, ಟ್ಯಾಂಕ್ ಸುತ್ತ ತುಂಬಿಸಿದ್ದ ಮರಳು ದಾಟಿ ಮೂಲ ನೆಲ ಸಿಗುವ ಕಡೆ ತೆಗೆಯಬೇಕು. ಪೈಪ್ ಹೋಗಿದ್ದ ಸಾಲಿನಲ್ಲೂ, ಪೆಟ್ರೋಲ್ ಹಾಕುವ ಯಂತ್ರ ನಿಂತಿದ್ದ ಕಡೆಯೂ ತೆಗೆಸಿ, ಯಾಕೆಂದರೆ ಟ್ಯಾಂಕ್ ಗಟ್ಟಿಯಾಗಿದ್ದರೂ ಪೈಪಿನ ಜಾಯಿಂಟ್ ಸೋರಿರಬಹುದು. ಅಗೆದು ಹಾಕಿದ ಗುಡ್ಡೆಯದೂ ಬೇಕು. ಒಂದೊಂದು ಕಡೆಯದು ಒಂದೊಂದು ಗಾಜಿನ ಬಾಟಲಿಗೆ, ಬಾಯಿವರೆಗೆ ಒತ್ತಿ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಹೋಗಬೇಕು. ರೈತರು ಮಾಡುವ ಹಾಗೆ ಎಲ್ಲ ಕಲಸಿ ಒಂದು ಮಾಡಬೇಡಿ. ಮತ್ತೆ, ದಯವಿಟ್ಟು ಯಾರೂ ಹೊಂಡಕ್ಕೆ ಇಳಿಯಬೇಡಿ: ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ, ಅಂಚು ಕುಸಿಯುವ ಭಯ ಬೇರೆ. ಜೆಸಿಬಿ ಬಕೆಟಿನಲ್ಲಿ ಮಣ್ಣು ಮೇಲೆ ಬರಲಿ, ಬಕೆಟಿನ ನಡುವಿನಿಂದ ಲ್ಯಾಬಿನವರೇ ತೆಗೆಯಲಿ.

ನನಗೆ ಜಾಸ್ತಿ ಚಿಂತೆ ಇರುವುದು ಬಾವಿಯದು. ನಿಮ್ಮ ಕಡೆಯ ಮುರಕಲ್ಲಿನಲ್ಲಿ ತೂತುಗಳೇ ತುಂಬಿರುತ್ತವೆ, ನೀರು ಬೇಗ ಹರಿಯುತ್ತದೆ. ಪೆಟ್ರೋಲ್, ಡೀಸೆಲ್ ಎರಡೂ ನೀರಿಗಿಂತ ಹಗುರ. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೆ ಬಂದಾಗ ಅವೂ ಮೇಲೇರುತ್ತವೆ, ಬೇಸಿಗೆಯಲ್ಲಿ ಇಳಿಯುವಾಗ ದಾರಿಯುದ್ದಕ್ಕೂ ಮಣ್ಣಿಗೆ ಅಂಟಿಕೊಂಡು ಉಳಿಯುತ್ತವೆ. ಅದಕ್ಕೇ ಬಾವಿ ನೀರನ್ನು ಈಗೊಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡಿಸಿ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಕ್ಯಾನ್ಸರ್ ತರುವ ವಸ್ತು, ಅಷ್ಟು ಕಮ್ಮಿ ಇದ್ದರೆ ಮೂಗಿಗೆ ಗೊತ್ತೂ ಆಗುವುದಿಲ್ಲ. ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಬೇರೆ ಕಡೆಯ ನೀರು ತನ್ನಿ. ಹೊಂಡದಲ್ಲಿ ನೀರು ನಿಂತರೆ ಪಂಪ್ ಮಾಡಿ ತೋಡಿಗೆ ಬಿಡಬೇಡಿ, ಅದರದೂ ಒಂದು ಬಾಟಲಿ ಲ್ಯಾಬಿಗೆ ಕೊಡಿ.

ಲ್ಯಾಬ್ ಹುಡುಕುವಾಗ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂದರೆ ಸಾಲದು, ಮಣ್ಣಿನಲ್ಲಿ ಈ ಪರೀಕ್ಷೆಗಳಿಗೇ ಮಾನ್ಯತೆ ಇದೆಯಾ ಅಂತ ಕೇಳಿ. ಹಣ ಕಟ್ಟುವ ಮೊದಲು ಲೀಸ್ ಪತ್ರ ತೆಗೆದು ಓದಿ. ಜಾಗ ವಾಪಸ್ ಕೊಡುವಾಗ ಹೇಗಿರಬೇಕು ಅಂತ ಅದರಲ್ಲಿ ಬರೆದಿರಬಹುದು. ಟ್ಯಾಂಕ್ ತೆಗೆದವರು ಪರೀಕ್ಷೆ ಮಾಡಿಸಿದ್ದಾರಾ, ತಳದ ಕೆಸರು ಎಲ್ಲಿಗೆ ಹೋಯಿತು ಅಂತ ಲೀಸಿಗೆ ತೆಗೆದುಕೊಂಡಿದ್ದ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಕೇಳಿ, ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಾಲಿನ್ಯ ಇದೆ ಅಂತ ವರದಿ ಬಂದರೆ ಈ ಕಾಗದಗಳು ಬೇಕಾಗುತ್ತವೆ.