ಜಿಗಿಯುವ ಜೀನ್‌ಗೆ ಬೀಗ ಹಾಕಿದರೆ ಮುಂದಿನ ಗಿಡದಲ್ಲೂ ಇರುತ್ತಾ?

ಡಿಎನ್‌ಎಯಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹಾರಬಲ್ಲ ತುಣುಕೇ ಜಿಗಿಯುವ ಜೀನ್. ಒಮ್ಮೆ ಸುಮ್ಮನಾದ ಇಂಥ ಜೀನ್ ಬೀಜದಿಂದ ಹುಟ್ಟಿದ ಗಿಡದಲ್ಲೂ ಸುಮ್ನೆ ಇರುತ್ತಾ ಎಂದು ಕೇಳಿದ್ದೀರಿ. ಹೆಚ್ಚಾಗಿ ಹೌದು. ಡಿಎನ್‌ಎ ಮೇಲಿನ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತೇ ಅದನ್ನು ಸುಮ್ಮನಿರಿಸುವ ಬೀಗ. ನಮ್ಮಂಥ ಸಸ್ತನಿಗಳಲ್ಲಿ ಪ್ರತಿ ಪೀಳಿಗೆಗೂ ಅದು ಬಹುಪಾಲು ಅಳಿಸಿಹೋಗುತ್ತದೆ. ಗಿಡಗಳಲ್ಲಿ ಜಾಸ್ತಿ ಉಳಿಯುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಪರಾಗದ ಕಥೆ. ಸಾಸಿವೆ ಬಳಗದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲಿ ಕಂಡದ್ದು. ಪರಾಗದಲ್ಲಿ ಎರಡು ಗಂಡು ಕೋಶ, ಅವನ್ನು ಹೊತ್ತೊಯ್ಯುವ ಇನ್ನೊಂದು ಕೋಶ ಇರುತ್ತವೆ. ಹೊರುವ ಕೋಶದಲ್ಲಿ ಬೀಗ ಸಡಿಲವಾಗಿ ಈ ಜೀನ್‌ಗಳು ಏಳುತ್ತವೆ. ಅದರ ಡಿಎನ್‌ಎ ಮುಂದಿನ ಪೀಳಿಗೆಗೆ ಹೋಗುವುದೇ ಇಲ್ಲ, ಹಾಗಾಗಿ ಭಯವಿಲ್ಲ ಅಲ್ವಾ? ಅಲ್ಲಿ ಹುಟ್ಟಿದ ಸಣ್ಣ ಆರ್‌ಎನ್‌ಎ ತುಣುಕುಗಳು ಗಂಡು ಕೋಶ ಸೇರಿ ಅಲ್ಲಿನ ಕಾವಲನ್ನು ಬಿಗಿ ಮಾಡುತ್ತವೆ.

ಆದರೆ ಈ ಮೀಥೈಲ್ ಗುರುತನ್ನು ಉಳಿಸಿಕೊಳ್ಳಲು ಬೇಕಾದ ಡಿಡಿಎಂ1 ಎಂಬ ಜೀನ್ ಕೆಟ್ಟರೆ ಗಿಡದಲ್ಲಿ ಬೀಗ ಕಳಚುತ್ತದೆ. ಆಮೇಲೆ ಒಳ್ಳೆಯ ಡಿಡಿಎಂ1 ಮರಳಿ ತಂದರೂ ಕೆಲವು ಜಾಗಗಳಲ್ಲಿ ಮೀಥೈಲ್ ಗುರುತು ಹಲವು ಪೀಳಿಗೆಯಾದರೂ ಮರಳುವುದಿಲ್ಲ.